ಪಕ್ಕದವರ ಮರ ಬಿದ್ದು ನಮ್ಮ ಹೆಂಚು ಹೋದರೆ ಪರಿಹಾರ ಪಡೆಯುವುದು ಹೇಗೆ?

ಮಳೆಗಾಲದ ಮೊದಲ ಗಾಳಿಗೇ ಅಕ್ಕಪಕ್ಕದವರ ಮರದ ತಕರಾರುಗಳು ಠಾಣೆಯ ಮೆಟ್ಟಿಲೇರುತ್ತವೆ. ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎಂಬ ಉತ್ತರವೇ ಅಲ್ಲಿ ಹೆಚ್ಚು. ಕೋರ್ಟಿನಲ್ಲಿ ಎದುರಿನವರು ಹೇಳುವುದು ಒಂದೇ: ‘ಗಾಳಿ ಬೀಸಿದರೆ ನಾವೇನು ಮಾಡೋಣ ಸ್ವಾಮಿ, ದೈವಾಧೀನ.’ ಈ ವಾದವನ್ನು ಮುರಿಯುವುದು ಮರ ಬೀಳುವ ಮುಂಚೆಯೇ ನೀವು ಬರೆದಿಟ್ಟ ಕಾಗದ.

ಮರ ಅವರದು ಎಂದ ಮಾತ್ರಕ್ಕೆ ನಷ್ಟ ತುಂಬಿಕೊಡಬೇಕಿಲ್ಲ. ಅಪಾಯ ಅವರಿಗೆ ಗೊತ್ತಿತ್ತು, ಅಥವಾ ಗೊತ್ತಾಗಬೇಕಿತ್ತು ಎಂದು ನೀವು ತೋರಿಸಬೇಕು. 1926ರ ಇಂಗ್ಲೆಂಡಿನ ಒಂದು ಪ್ರಕರಣದಲ್ಲಿ, ಶಾಂತ ಹವೆಯಲ್ಲೇ ಕೊಂಬೆ ಮುರಿದು ಬಸ್ಸಿನ ಮೇಲೆ ಬಿತ್ತು. ಒಳಗಿನ ದೋಷ ಹೊರಗೆ ಕಾಣುವಂತಿರಲಿಲ್ಲವೆಂದು ಮಾಲೀಕ ಪಾರಾದ.

ಮೊದಲು, ಮರ ಯಾರದು?

ಬುಡ ಯಾರ ಜಾಗದಲ್ಲಿದೆಯೋ ಮರ ಅವರದು. ಬದುವಿನ ಮೇಲಿದ್ದರೆ ಬಾಯಿಜಗಳ ಬಿಟ್ಟು ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರಿಂದ ಗಡಿ ಗುರುತು ಮಾಡಿಸಿ.

ಪತ್ರ ಬರೆಯಿರಿ

ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಒಂದೇ ಪುಟ ಸಾಕು: ‘ತಮ್ಮ ಹಿತ್ತಲಿನ ಹಲಸಿನ ಮರದ ಬುಡದಲ್ಲಿ ಪೊಟರೆಯಾಗಿದ್ದು, ಗೆದ್ದಲು ಹತ್ತಿದೆ. ಮರ ನಮ್ಮ ಅಡುಗೆಮನೆಯ ಕಡೆ ವಾಲಿದೆ. ಮಳೆಗಾಲಕ್ಕೆ ಮುಂಚೆ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ.’ ಜೊತೆಗೆ ದಿನಾಂಕವಿರುವ ಫೋಟೊ ಲಗತ್ತಿಸಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಎತ್ತಿಡಿ. ವಾಟ್ಸ್ಆ್ಯಪ್‌ನಲ್ಲೂ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಬೈಗುಳ ಬೇಡ, ಈ ಪತ್ರವನ್ನು ಮುಂದೊಂದು ದಿನ ನ್ಯಾಯಾಧೀಶರು ಓದಬಹುದು.

ಅಧಿಕಾರಿಗಳಿಗೆ ದೂರು

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ, ಅಂದರೆ ಈ ಕೆಲಸಕ್ಕೆ ನೇಮಕವಾದ ಅರಣ್ಯಾಧಿಕಾರಿಯ, ಅನುಮತಿ ಬೇಕು (ಕೆಲವು ಜಾತಿಗಳಿಗೆ ವಿನಾಯಿತಿ ಇದೆ). ಜೀವಕ್ಕೆ, ಆಸ್ತಿಗೆ ಅಪಾಯ ಎಂಬುದು ಅನುಮತಿಗೆ ಒಪ್ಪುವ ಕಾರಣ. ಕಡಿಸಲು ಪಕ್ಕದವರಿಗೆ ಮನಸ್ಸಿದ್ದೂ ಅನುಮತಿಗಾಗಿ ಅಲೆಯುತ್ತಿರುವುದು ಉಂಟು. ಆಗ ಇಬ್ಬರೂ ಸೇರಿ ಅರ್ಜಿ ಕೊಟ್ಟರೆ ಕೆಲಸ ಬೇಗ ಆದೀತು.

ಅವರು ಜಪ್ಪಯ್ಯ ಅಂದರೂ ಒಪ್ಪದಿದ್ದರೆ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಕಚೇರಿಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅರ್ಜಿ ಕೊಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 133 ಆಗಿತ್ತು. ಮರ ತೆಗೆಸಿ, ಇಲ್ಲವೇ ಹಾಜರಾಗಿ ಕಾರಣ ಹೇಳಿ ಎಂದು ಆದೇಶಿಸುವ ಅಧಿಕಾರ ಅವರಿಗಿದೆ. ಈ ಕಲಮು ಮಾತಾಡುವುದು ಜನರಿಗೆ ಆಗುವ ಪೆಟ್ಟಿನ ಬಗ್ಗೆ. ಹಾಗಾಗಿ ಹೆಂಚಿನ ಕಥೆ ಹೇಳುವ ಮುಂಚೆ ಮರದ ಕೆಳಗೆ ಯಾರು ಓಡಾಡುತ್ತಾರೆ, ಯಾರು ಮಲಗುತ್ತಾರೆ ಎಂಬುದನ್ನು ಬರೆಯಿರಿ.

ನಮ್ಮ ಕಡೆ ಚಾಚಿದ ಕೊಂಬೆಯನ್ನು ನಾವೇ ಕಡಿಯಬಹುದೆ? ನಮ್ಮ ಗಡಿಯೊಳಗಿನಷ್ಟನ್ನು ಕಡಿಯುವ ಹಕ್ಕನ್ನು ಕೋರ್ಟುಗಳು ಒಪ್ಪಿವೆ. ಆದರೆ ವೃಕ್ಷ ಕಾಯ್ದೆಯ ಲೆಕ್ಕದಲ್ಲಿ ಕೊಂಬೆ ಸವರುವುದೂ ಮರ ಕಡಿದಂತೆಯೇ, ಆದ್ದರಿಂದ ವೃಕ್ಷಾಧಿಕಾರಿಯನ್ನು ಕೇಳದೆ ಕೊಡಲಿ ಎತ್ತಬೇಡಿ. ಬುಡಕ್ಕೆ ಆ್ಯಸಿಡ್ ಸುರಿಯುವ ‘ಉಪಾಯ’ವಂತೂ ನಿಮ್ಮನ್ನೇ ಆರೋಪಿ ಮಾಡುತ್ತದೆ.

ಬಿದ್ದೇಬಿಟ್ಟರೆ

ಗರಗಸ ಬರುವ ಮುಂಚೆ ಫೋಟೊ ತೆಗೆಯಿರಿ. ಮುರಿದ ಜಾಗ ಮುಖ್ಯ: ಒಳಗೆ ಕಪ್ಪಗೆ ಕೊಳೆತಿದೆಯೋ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆಯೋ, ಇಲ್ಲ ಹಸಿ ತಿರುಳು ಗಾಳಿಗೆ ಸೀಳಿದೆಯೋ? ಮೊದಲಿನದು ನಿಮ್ಮ ಸಾಕ್ಷಿ, ಕೊನೆಯದು ಅವರದು. ಸಾಧ್ಯವಾದರೆ ಒಂದು ತುಂಡು ಎತ್ತಿಡಿ. ಗ್ರಾಮ ಆಡಳಿತ ಅಧಿಕಾರಿಯಿಂದಲೋ ಪೊಲೀಸರಿಂದಲೋ ಮಹಜರು ಮಾಡಿಸಿ, ರಿಪೇರಿಯ ಅಂದಾಜುಪಟ್ಟಿ ಮತ್ತು ಬಿಲ್‌ಗಳನ್ನು ಒಟ್ಟುಮಾಡಿ. ಜಖಂ ಆದದ್ದು ಕಾರಾದರೆ ಮೊದಲು ನಿಮ್ಮ ವಿಮೆ ನೋಡಿ. ಥರ್ಡ್ ಪಾರ್ಟಿ ಪಾಲಿಸಿಯೊಂದೇ ಇದ್ದರೆ ಅದರಿಂದ ಏನೂ ಹುಟ್ಟುವುದಿಲ್ಲ.

ಹಣದ ಮಾತಿಗೆ ನೇರ ದಾವೆಗಿಂತ ತಾಲ್ಲೂಕು ಕಾನೂನು ಸೇವಾ ಸಮಿತಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಸಹಾಯವಾಣಿ 15100. ಸಮಿತಿ ನಡೆಸುವ ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ, ಬಲವಿದೆ, ಅದರ ಮೇಲೆ ಅಪೀಲೂ ಇಲ್ಲ. ಬೇರು ನುಗ್ಗಿ ಗೋಡೆ ಬಿರಿಯುತ್ತಲೇ ಇದ್ದರೆ ಮಾತ್ರ ವಕೀಲರ ಮೂಲಕ ಸಿವಿಲ್ ಕೋರ್ಟಿನಲ್ಲಿ ನಿರ್ಬಂಧಕಾಜ್ಞೆ ಕೇಳುವುದು ಸರಿ. ಅದಕ್ಕೆ ಬಿರುಕಿಗೆ ಮರದ ಬೇರುಗಳೇ ಕಾರಣ ಎನ್ನುವ ಎಂಜಿನಿಯರ್ ವರದಿ ಕೈಯಲ್ಲಿರಲಿ.