ಲೇಔಟ್‌ನಲ್ಲಿ ಹಳೇ ಮರ ಉಳಿಸಬೇಕೆ? ನಾಲ್ಕು ಸುತಳಿ ಜಾಗ ಬಿಡಿ

ಕಲಬುರಗಿಯ ಸೇಡಂ ರಸ್ತೆ, ಆಳಂದ ರಸ್ತೆಯ ಆಚೀಚೆ ತೊಗರಿ ಹೊಲಗಳು ಪ್ಲಾಟ್ ಆಗುವಾಗ ಬದುವಿನ ಮೇಲಿನ ಬೇವು, ಹುಣಸೆ, ಬನ್ನಿ ಮರಗಳಲ್ಲಿ ಒಂದೆರಡನ್ನು ಮಾಲೀಕರು ಕಡಿಯದೆ ಬಿಡುತ್ತಾರೆ. ಲೇಔಟ್‌ನ ಕರಪತ್ರದಲ್ಲಿ ಅವುಗಳ ಫೋಟೊವೂ ಬರುತ್ತದೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮರ ತುದಿಯಿಂದ ಒಣಗತೊಡಗುತ್ತದೆ. ಆಗ ಬಿಸಿಲನ್ನೋ ಗೆದ್ದಲನ್ನೋ ದೂರುವುದು ರೂಢಿ. ಬಹುತೇಕ ಸಲ ಪೆಟ್ಟು ಬಿದ್ದದ್ದು ಜೆಸಿಬಿ ಬಂದ ಮೊದಲ ವಾರದಲ್ಲಿ, ಅದೂ ಕಣ್ಣಿಗೆ ಕಾಣದ ಬೇರಿಗೆ. ಬೊಡ್ಡೆಯಲ್ಲಿ ಕೂಡಿಟ್ಟದ್ದನ್ನು ಉಂಡು ಮರ ಒಂದೆರಡು ಮಳೆಗಾಲ ತಳ್ಳಿರುತ್ತದೆ, ಅಷ್ಟೆ.

ಮೊದಲು ಅಳತೆ

ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಬೊಡ್ಡೆಗೆ ಸುತಳಿ ಸುತ್ತಿ, ಸರಿಯಾಗಿ ಒಂದು ಸುತ್ತಿಗೆ ಕತ್ತರಿಸಿ. ಆ ತುಂಡನ್ನು ಬುಡದಿಂದ ಹೊರಕ್ಕೆ ನೆಲದ ಮೇಲೆ ನಾಲ್ಕು ಸಲ ಇಟ್ಟು ಗೂಟ ಹೊಡೆಯಿರಿ. ಹೀಗೆ ಎಂಟು ದಿಕ್ಕಿಗೂ ಅಳೆದು ಗೂಟದಿಂದ ಗೂಟಕ್ಕೆ ಸುಣ್ಣದ ಪುಡಿ ಎಳೆದರೆ ಒಂದು ವೃತ್ತ ಸಿಗುತ್ತದೆ. ಮರದ ವ್ಯಾಸದ 12 ಪಟ್ಟು ದೂರದವರೆಗೆ ಬೇರು ಕಾಯಬೇಕು ಎಂಬುದು ಮರತಜ್ಞರ ಲೆಕ್ಕ. ಸುತ್ತಳತೆಗೆ ತಿರುಗಿಸಿದರೆ ಅದು ನಾಲ್ಕು ಪಟ್ಟಿಗೆ ತುಸು ಕಡಿಮೆ ಬರುತ್ತದೆ. ನಾಲ್ಕು ಎಂದಿಟ್ಟುಕೊಂಡರೆ ಕೂಲಿಯವರಿಗೂ ನೆನಪಿರುತ್ತದೆ.

ಸುತ್ತಳತೆ ಐದು ಅಡಿ ಇರುವ ಬೇವಿಗೆ ಈ ಲೆಕ್ಕದಲ್ಲಿ ಎಲ್ಲ ಕಡೆಗೂ 20 ಅಡಿ ಬಿಡಬೇಕು. ಅಂದರೆ ಈ ಕಡೆಯಿಂದ ಆ ಕಡೆಗೆ 40 ಅಡಿ. 30×40ರ ಒಂದು ಸೈಟು ಪೂರ್ತಿ ಹೋಯಿತು! ಹಾಗಾಗಿ ಮರ ಉಳಿಯುತ್ತದೋ ಇಲ್ಲವೋ ಎಂಬುದು ನಕ್ಷೆಯ ಮೇಜಿನ ಮೇಲೆಯೇ ತೀರ್ಮಾನ ಆಗಿಬಿಡುತ್ತದೆ. ಸರ್ವೆ ಮಾಡುವಾಗಲೇ ಪ್ರತಿ ಮರದ ಜಾಗ, ಜಾತಿ, ಸುತ್ತಳತೆ ಬರೆಸಿ, ವೃತ್ತವನ್ನು ನಕ್ಷೆಯಲ್ಲಿ ಹಾಕಿಸಿ. ಉದ್ಯಾನಕ್ಕೆಂದು ಹೇಗೂ ಜಾಗ ಬಿಡಬೇಕಲ್ಲ, ಅದನ್ನು ಮರ ಇರುವ ಕಡೆಗೇ ಸರಿಸಿದರೆ ಸೈಟಿನ ಲೆಕ್ಕ ಕೆಡುವುದಿಲ್ಲ. ಮಾರಿದ ಸೈಟಿನ ನಡುವೆ ನಿಂತ ಮರವನ್ನು ಕೊಂಡವರು ಮನೆ ಕಟ್ಟುವಾಗ ತೆಗೆಯಲು ನೋಡಿಯೇ ನೋಡುತ್ತಾರೆ.

ಕಾಗದದ ಮಾತೂ ಒಂದಿದೆ. ಎನ್.ಎ. ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸುವ ಆದೇಶ) ಕೈಗೆ ಬಂತೆಂದರೆ ಮರ ಕಡಿಯಲು ಅನುಮತಿ ಸಿಕ್ಕಿತು ಎಂದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅದಕ್ಕೆ ವೃಕ್ಷಾಧಿಕಾರಿಯ ಒಪ್ಪಿಗೆಯನ್ನು ಬೇರೆಯಾಗಿ ಪಡೆಯಬೇಕು.

ಜೆಸಿಬಿಗಿಂತ ಮೊದಲು ಬೇಲಿ

ಸುಣ್ಣದ ಗೆರೆಯ ಮೇಲೆ ಆರು ಅಡಿ ಎತ್ತರದ ಬೇಲಿ ನಿಲ್ಲಿಸಿ. ಎಂಟು ಅಡಿಗೊಂದು ಕಂಬ ಹಿಡಿದರೆ ಮೇಲಿನ ಬೇವಿಗೆ 16 ಕಂಬ ಬೇಕಾಗುತ್ತವೆ. ಕಂಬದ ಗುಂಡಿಯನ್ನು ಹಾರೆಯಲ್ಲೇ ತೋಡಿಸಿ. ದಪ್ಪ ಬೇರು ಸಿಕ್ಕರೆ ಕಂಬವನ್ನು ಒಂದಡಿ ಆಚೆಗೆ ಸರಿಸಿ. ಕಂಬಗಳಿಗೆ ತಗಡು ಇಲ್ಲವೆ ತಂತಿ ಜಾಳಿಗೆ ಹಾಕಬಹುದು. ಹಸಿರು ನೆಟ್ಟನ್ನಷ್ಟೇ ಕಟ್ಟಿದರೆ ಸಂಜೆಯೊಳಗೆ ಹರಿದಿರುತ್ತದೆ. ಮರಕ್ಕೇ ಮೊಳೆ ಹೊಡೆದು ತಗಡು ಸಿಗಿಸುವುದು ಬೇಡ.

ಬೇಲಿ ಮುರಿಯುವುದು ಯಾಕೆ ಎಂದು ನೋಡಿದರೆ ಕಾರಣ ಒಂದೇ, ನೆರಳು. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಕಬ್ಬಿಣ ಬಗ್ಗಿಸುವವರು, ಗವಂಡಿಗಳು, ಒಲೆ ಹೂಡಿ ಅನ್ನ ಮಾಡುವವರು ಎಲ್ಲರಿಗೂ ಬೇವಿನ ಬುಡವೇ ಬೇಕು. ಅವರನ್ನು ಬೈದು ಪ್ರಯೋಜನವಿಲ್ಲ. ಮೊದಲ ದಿನವೇ ಬೇರೆ ಕಡೆ ಒಂದು ಚಪ್ಪರ ಹಾಕಿ, ಕುಡಿಯುವ ನೀರನ್ನೂ ಅಲ್ಲೇ ಇಟ್ಟರೆ ಬೇಲಿ ತಾನಾಗಿ ಉಳಿಯುತ್ತದೆ. ಸಿಮೆಂಟ್ ಚೀಲ, ಖಡಿ, ಡೀಸೆಲ್ ಡಬ್ಬಿ ಒಳಗೆ ಹೋಗಬಾರದು. ಮಿಕ್ಸರ್ ತೊಳೆದ ನೀರಂತೂ ಬೇಡವೇ ಬೇಡ. ನಮ್ಮ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮೊದಲೇ ಕ್ಷಾರದ್ದು, ಅದರ ಮೇಲೆ ಸಿಮೆಂಟ್ ನೀರು ಬಿದ್ದರೆ ಬೇರಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿ ತಿರುಗುತ್ತದೆ.

ಎರೆ ಮಣ್ಣಿನ ಕಾಟ

ಬೇರು ಪಾತಾಳಕ್ಕೆ ಇಳಿದಿರುತ್ತದೆ, ಮೇಲೆ ಗಾಡಿ ಓಡಿದರೇನು ಎನ್ನುವವರಿದ್ದಾರೆ. ನೀರು, ಉಸಿರು ಎಳೆಯುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿಯಲ್ಲೇ ಇರುತ್ತವೆ. ತೇವದ ಎರೆ ಮಣ್ಣಿನ ಮೇಲೆ ಟಿಪ್ಪರ್ ನಾಲ್ಕೈದು ಸಲ ಓಡಾಡಿದರೆ ಸಾಕು, ಮಣ್ಣಿನ ಸಂದುಗಳು ಮುಚ್ಚಿ ಹಲಗೆಯಂತಾಗುತ್ತದೆ. ಆಮೇಲೆ ಗಾಳಿಯೂ ಇಳಿಯುವುದಿಲ್ಲ, ನೀರೂ ಇಳಿಯುವುದಿಲ್ಲ. ಮಳೆ ನಿಂತ ಮೇಲೂ ಚಪ್ಪಲಿಗೆ ಮಣ್ಣು ಅಂಟುತ್ತಿದ್ದರೆ ಆ ದಿನ ಮರದ ಸುತ್ತಮುತ್ತ ಯಂತ್ರ ಬೇಡ. ದಾರಿ ಬೇರೆ ಇಲ್ಲವೇ ಇಲ್ಲ ಎಂದಾದರೆ ಒಂದಡಿ ದಪ್ಪ ಮರದ ಚಕ್ಕೆ ಹರಡಿ, ಮೇಲೆ ಹಲಗೆ ಅಥವಾ ಉಕ್ಕಿನ ತಗಡು ಹಾಸಿ ಓಡಿಸಿ. ಕೆಲಸ ಮುಗಿದ ಕೂಡಲೇ ತೆಗೆಸಿ.

ಮಟ್ಟ ಏರಿಸುವುದು ಇದಕ್ಕಿಂತ ಕೆಟ್ಟದ್ದು. ರಸ್ತೆಗೆ ತಂದ ಮುರುಮ್ (ಗರಸು ಮಣ್ಣು) ಉಳಿದರೆ ಮರದ ಬುಡಕ್ಕೆ ಸುರಿದು, ಸುತ್ತ ಸಿಮೆಂಟ್ ಕಟ್ಟೆ ಕಟ್ಟಿ ಗ್ರಾನೈಟ್ ಕೂಡಿಸುವುದು ಈಗ ಎಲ್ಲೆಡೆ ಕಾಣುವ ಅಲಂಕಾರ. ಬೊಡ್ಡೆಯ ತೊಗಟೆ ಮಣ್ಣೊಳಗೆ ಹೂತು ಕೊಳೆಯುತ್ತದೆ, ಕೆಳಗಿನ ಬೇರಿಗೆ ಉಸಿರು ಕಟ್ಟುತ್ತದೆ. ನೀರು ನಿಂತರೆ ಬೇವು ತಾಳುವುದಿಲ್ಲ. ನಾಲ್ಕು ಸುತಳಿಯೊಳಗೆ ನೆಲ ಇದ್ದ ಮಟ್ಟದಲ್ಲೇ ಇರಲಿ, ಮಣ್ಣು ಕೆರೆದು ತಗ್ಗಿಸುವುದೂ ಬೇಡ. ಹಾಸು ಬೇಕೇ ಬೇಕೆಂದರೆ ಶಹಾಬಾದ್ ಫರಸಿಯನ್ನು ಉಸುಕಿನ ಮೇಲೆ, ಸಂದು ಬಿಟ್ಟು, ಸಿಮೆಂಟ್ ಇಲ್ಲದೆ ಹಾಸಿ.

ಪೈಪಿನ ಕಾಲುವೆ ಅಡ್ಡ ಬಂದರೆ

ಒಳಚರಂಡಿ, ನೀರು, ಕೇಬಲ್ ಮೂರಕ್ಕೂ ಬೇರೆ ಬೇರೆ ಕಾಲುವೆ ತೋಡುವ ಬದಲು ಒಂದೇ ಸಾಲಿನಲ್ಲಿ ವೃತ್ತದ ಹೊರಗೆ ಒಯ್ಯುವುದು ಒಳ್ಳೆಯದು. ಒಳಗೆ ಬರಲೇಬೇಕೆಂದರೆ ಆ ಭಾಗವನ್ನು ಕೈಯಿಂದಲೇ ಅಗೆಸಿ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಅದನ್ನು ಕಡಿಯದೆ ಅಡಿಯಿಂದ ಪೈಪ್ ತೂರಿಸಿ. ಅದಕ್ಕಿಂತ ತೆಳ್ಳಗಿದ್ದರೆ ಗರಗಸದಿಂದ ನೀಟಾಗಿ ಕೊಯ್ಯಿರಿ. ಜೆಸಿಬಿಯ ಹಲ್ಲು ಬೇರನ್ನು ಕತ್ತರಿಸುವುದಿಲ್ಲ, ಜಗ್ಗುತ್ತದೆ. ಹಾಗೆ ಜಗ್ಗಿದ ಬೇರು ಮಣ್ಣೊಳಗೆ ಬೊಡ್ಡೆಯ ತನಕ ಸೀಳಿ, ಆ ಸೀಳಿನಲ್ಲಿ ಕೊಳೆ ಹತ್ತುತ್ತದೆ. ಕೊಯ್ದ ಬಾಯಿಗೆ ಬಣ್ಣ, ಡಾಂಬರು ಬಳಿಯುವುದರಿಂದ ಉಪಯೋಗವಿಲ್ಲ. ಹಸಿ ಗೋಣಿತಟ್ಟು ಹೊದಿಸಿ, ಅದೇ ದಿನ ಮಣ್ಣು ಮುಚ್ಚಿ.

ಬುಡದಿಂದ ಒಂದು ಸುತಳಿ ದೂರದೊಳಗಿನ ಬೇರಿಗೆ ಮಾತ್ರ ಏನೇ ಆದರೂ ಕೈ ಹಚ್ಚಬೇಡಿ. ಮರವನ್ನು ನಿಲ್ಲಿಸಿರುವುದೇ ಆ ಬೇರು. ಅಲ್ಲಿ ಕಡಿದರೆ ಮರ ಒಣಗುವವರೆಗೆ ಕಾಯುವುದಿಲ್ಲ, ಬಿರುಗಾಳಿಗೆ ಉರುಳಿಬಿಡಬಹುದು. ಬೇರು ಹೋಯಿತೆಂದು ಅದಕ್ಕೆ ಸರಿದೂಗಿಸಲು ಟೊಂಗೆ ಕಡಿಯುವ ಅಭ್ಯಾಸವೂ ಸರಿಯಲ್ಲ. ಹೊಸ ಬೇರು ಹುಟ್ಟಲು ಎಲೆಯ ಊಟವೇ ಬೇಕು.

ನೀರು, ಹೊದಿಕೆ

20 ಅಡಿ ತ್ರಿಜ್ಯದ ವೃತ್ತ ಒಂದಡಿ ಆಳಕ್ಕೆ ನೆನೆಯಲು ಹತ್ತಿರ ಹತ್ತಿರ 5,000 ಲೀಟರ್ ನೀರು ಬೇಕು. ಅಂದರೆ ಒಂದು ಟ್ರ್ಯಾಕ್ಟರ್ ಟ್ಯಾಂಕರ್. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಎರಡು ಮೂರು ವಾರಕ್ಕೊಮ್ಮೆ ಬಿಡಿ. ಬುಡಕ್ಕೆ ಸುರಿಯದೆ ವೃತ್ತದ ಹೊರ ಅರ್ಧಕ್ಕೆ ಹರಿಸಿ. ಎರೆ ನೆಲದಲ್ಲಿ ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಹಾಗೇ ನೀರು ಬಿಟ್ಟರೆ ಅರ್ಧ ಟ್ಯಾಂಕರ್ ಅದರೊಳಗೆ ಇಳಿದು ಹೋಗುತ್ತದೆ. ಹಿಂದಿನ ದಿನ ಬಿರುಕಿಗೆ ಗೊಬ್ಬರ, ಉಸುಕು ಬೆರೆಸಿ ತುಂಬಿ, ಮೇಲಿನ ಎರಡು ಇಂಚು ಮಣ್ಣನ್ನು ಕುರ್ಪಿಯಿಂದ ಸಡಿಲಿಸಿ. ಹೊಲದಲ್ಲಿ ಸಾಲಿನ ನಡುವೆ ಎಡೆಕುಂಟಿ ಹೊಡೆದು ಮಣ್ಣು ಸಡಿಲಿಸುವುದೂ ಇದೇ ಕಾರಣಕ್ಕಲ್ಲವೆ?

ನೀರು ಇಂಗಿದ ಮೇಲೆ ತೊಗರಿ ಹೊಟ್ಟನ್ನೋ ಕಬ್ಬಿನ ರವದಿಯನ್ನೋ (ಒಣ ಗರಿ) ನಾಲ್ಕು ಇಂಚು ಹರಡಿ. ಬೊಡ್ಡೆಯ ಸುತ್ತ ಅರ್ಧ ಅಡಿ ಖಾಲಿ ಇರಲಿ, ಇಲ್ಲದಿದ್ದರೆ ಗೆದ್ದಲಿಗೆ ಏಣಿ ಇಟ್ಟಂತೆ. ರವದಿ ಹಾಕಿದ ಕಡೆ ಬೀಡಿ ಸೇದಲು ಬಿಡಬೇಡಿ.

ಕೆಲಸ ಮುಗಿದ ಮೇಲೂ ಮೂರು ಯುಗಾದಿ ಮರವನ್ನು ಗಮನಿಸಬೇಕು. ಬೇವೆಲ್ಲ ಚಿಗುರಿದಾಗ ಇದರ ತುದಿ ಟೊಂಗೆಗಳು ಮಾತ್ರ ಬರಿದಾಗಿದ್ದರೆ, ಎಲೆ ಸಣ್ಣದಾಗಿದ್ದರೆ ನೆಲ ಗಟ್ಟಿಯಾಗಿದೆ ಎಂದೇ ಮೊದಲು ಸಂಶಯಪಡಿ. ಮಳೆ ಬಂದು ಮಣ್ಣು ಹದಕ್ಕೆ ಬಂದಾಗ, ಒಂದು ಸುತಳಿಯ ಆಚೆಯಿಂದ ನಾಲ್ಕನೆಯದರವರೆಗೆ ಎರಡಡಿಗೊಂದರಂತೆ ಎರಡು ಇಂಚು ಅಗಲದ, ಒಂದಡಿ ಆಳದ ತೂತು ಕೊರೆಸಿ. ದಪ್ಪ ಬೇರು ತಾಗಿದ ಕಡೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಉಸುಕು ಸಮಸಮ ಬೆರೆಸಿ ತೂತು ತುಂಬಿ, ರವದಿಯನ್ನು ಮತ್ತೆ ಮೇಲೆ ಎಳೆಯಿರಿ.