ಹಳೇ ಪಿಕಪ್‌ಗೆ ನೈಟ್ರಸ್, ಬಾಟಲಿ ಮೇಲೆ ಒದ್ದೆ ಗೋಣಿಚೀಲ

ನಮ್ಮನೆ ಬೊಲೆರೋ ಪಿಕಪ್ ಹಳೇ ಡಿಐ ಎಂಜಿನ್ನಿನದು. 2523 ಸಿಸಿ, ನಾಲ್ಕು ಸಿಲಿಂಡರ್, ಹೊಸದಿದ್ದಾಗಲೇ ಅರವತ್ತು ಚಿಲ್ಲರೆ ಎಚ್‌ಪಿ. ಕುಂದಗೋಳದ ಕಡೆಯಿಂದ ಬ್ಯಾಡಗಿ ಮಾರ್ಕೆಟ್ಟಿಗೆ ವರ್ಷಗಟ್ಟಲೆ ಮೆಣಸಿನಕಾಯಿ ಚೀಲ ಹೊತ್ತು ಈಗ ಅರ್ಧ ನಿವೃತ್ತಿಯಲ್ಲಿದೆ. ಇದಕ್ಕೆ ನೈಟ್ರಸ್, ಅಂದರೆ ಎಂಜಿನ್ನಿನ ತಾಕತ್ತು ಹೆಚ್ಚಿಸೋ ನೈಟ್ರಸ್ ಆಕ್ಸೈಡ್ ಗ್ಯಾಸ್, ಹಾಕ್ತೀನಿ ಅಂದಾಗ ಹುಬ್ಬಳ್ಳಿಯ ನಮ್ಮ ಮಿಸ್ತ್ರಿ ಕಾಕಾ ಸ್ಪ್ಯಾನರ್ ಕೆಳಗಿಟ್ಟು, "ತಮ್ಮಾ, ಹಲ್ಲ ಕೀಳೂ ಮುಂದ ಕೊಡೂ ಗ್ಯಾಸ್ ಅಲ್ಲೇನೋ ಅದು?" ಅಂದರು. ಅದೇ ಗ್ಯಾಸ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ವಿಮಾನದ ಎಂಜಿನ್ನಿಗೂ ಇದನ್ನೇ ಕೊಡ್ತಿದ್ದರು ಕಾಕಾ, ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತಲ್ಲ, ಅದಕ್ಕೆ ಅಂದೆ. ನಂಬಿದರೋ ಇಲ್ಲವೋ, ಚಹಾ ಮಾತ್ರ ತರಿಸಿದರು.

ಮೊದಲೇ ಹೇಳಿಬಿಡ್ತೀನಿ, ಇದು ರಸ್ತೆಗೆ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನ ಹೀಗೆ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ನಾನು ಓಡಿಸಿದ್ದು ನಮ್ಮ ಮಾವನ ಹೊಲದ ಒಳದಾರಿಯಲ್ಲಿ ಮಾತ್ರ. ಹುಬ್ಬಳ್ಳಿಗೆ ವಾಪಸ್ ಬರುವಾಗ ಎಲ್ಲ ಬಿಚ್ಚಿ, ಗ್ಯಾಸ್ ಚಿಮ್ಮೋ ನಾಝಲ್ ಇದ್ದ ತೂತಿಗೆ ಬೋಲ್ಟ್ ಜಡಿದು ಬರ್ತಿದ್ದೆ.

ನೈಟ್ರಸ್ ತಾನಾಗಿ ಉರಿಯೋದಿಲ್ಲ. ಎಂಜಿನ್ ಒಳಗೆ ಸುಮಾರು 300 ಡಿಗ್ರಿ ದಾಟಿದಾಗ ಒಡೆದು ಆಕ್ಸಿಜನ್ ಬಿಡುತ್ತೆ. ತೂಕದಲ್ಲಿ ಗಾಳಿಯಲ್ಲಿರೋ ಆಕ್ಸಿಜನ್ ಶೇಕಡಾ 23, ಇದರಲ್ಲಿ 36. ಆಕ್ಸಿಜನ್ ಜಾಸ್ತಿ ಸಿಕ್ಕರೆ ಜಾಸ್ತಿ ಇಂಧನ ಸುಡಬಹುದು, ಅಷ್ಟೇ ಗುಟ್ಟು. ಪೆಟ್ರೋಲ್ ಗಾಡಿಯಲ್ಲಿ ಗ್ಯಾಸ್ ಜೊತೆ ಪೆಟ್ರೋಲನ್ನೂ ಲೆಕ್ಕ ಹಾಕಿ ಕೊಡಬೇಕು, ಪೆಟ್ರೋಲ್ ಕಡಿಮೆ ಬಿದ್ದರೆ ಪಿಸ್ಟನ್ನೇ ಕರಗುತ್ತೆ. ಹಳೇ ಡೀಸೆಲ್ಲಿನಲ್ಲಿ ಆ ತಲೆನೋವು ಕಡಿಮೆ. ಕಾಕಾ ಡೀಸೆಲ್ ಪಂಪಿನ ಸ್ಕ್ರೂ ಇದ್ದ ಜಾಗಕ್ಕೆ ಗುರುತು ಮಾಡಿಕೊಂಡು, ಡೀಸೆಲ್ ಜಾಸ್ತಿ ಬೀಳೋ ಹಾಗೆ ಕಾಲು ಸುತ್ತು ತಿರುಗಿಸಿದರು. ಆಕ್ಸಲರೇಟರ್ ಒತ್ತಿದರೆ ಹಿಂದೆ ಕರೀ ಹೊಗೆ. ಆ ಕರೀ ಹೊಗೆ ಅಂದರೆ ಗಾಳಿ ಸಾಲದೆ ಅರೆಬರೆ ಸುಟ್ಟ ಡೀಸೆಲ್. ಅದನ್ನ ಪೂರ್ತಿ ಸುಡೋದು ನೈಟ್ರಸ್ ಕೆಲಸ.

ಕಿಟ್ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್, ಈ ಹವ್ಯಾಸ ಬಿಟ್ಟ ಒಬ್ಬರಿಂದ. ನಾಲ್ಕೂವರೆ ಕೆಜಿ ಹಿಡಿಯೋ ಬಾಟಲಿ, ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ತೆರೆಯೋ ವಾಲ್ವ್), ನಾಝಲ್, ಗ್ಯಾಸ್ ಎಷ್ಟು ಹೋಗಬೇಕು ಅಂತ ಅಳೆದು ಬಿಡೋ ಸಣ್ಣ ತೂತಿನ ಜೆಟ್ಟುಗಳು. ಗ್ಯಾಸ್ ತುಂಬಿಸೋದೇ ದೊಡ್ಡ ಪಂಚಾಯ್ತಿ ಆಯ್ತು. ಇಲ್ಲಿ ವಿಚಾರಿಸಿದ ಕಡೆ, ಇದು ಆಸ್ಪತ್ರೆಗೆ ಹೋಗೋ ಮಾಲು, ಗಾಡಿಗೆ ಕೊಡಲ್ಲ ಅಂದರು. ಅವರು ಹೇಳಿದ್ದು ಸರಿಯೇ. ಕೊನೆಗೆ ರೇಸ್ ಗಾಡಿಗಳ ಕೆಲಸ ಮಾಡೋರ ಹತ್ತಿರ ಬೆಂಗಳೂರಿಗೇ ಹೋಗಬೇಕಾಯ್ತು. ಬಂದಮೇಲೆ ಮೆಣಸಿನಕಾಯಿ ತೂಗೋ ಕಾಟಾದ ಮೇಲೆ ಬಾಟಲಿ ಇಟ್ಟು ನೋಡಿದೆ. ಒಳಗೆ ಎಷ್ಟು ಉಳಿದಿದೆ ಅಂತ ತಿಳಿಯೋಕೆ ತೂಕ ಒಂದೇ ದಾರಿ. ಬಾಟಲಿಯ ಒತ್ತಡಕ್ಕೆ ಗ್ಯಾಸ್ ದ್ರವವಾಗಿರುತ್ತೆ, ಆ ದ್ರವ ಇರೋ ತನಕ ಒತ್ತಡದ ಗೇಜ್ ಹೆಚ್ಚೂಕಡಿಮೆ ಒಂದೇ ಅಂಕಿ ತೋರಿಸ್ತಾ ಇರುತ್ತೆ.

ಬಾಟಲಿಯನ್ನ ಸೀಟಿನ ಹಿಂದೆ ಮಲಗಿಸಿ ಪಟ್ಟಿ ಹಾಕಿ ಬಿಗಿದೆವು, ವಾಲ್ವ್ ಗಾಡಿಯ ಮುಖದ ಕಡೆ, ಲೇಬಲ್ ಮೇಲಕ್ಕೆ. ಒಳಗಿನ ಕೊಳವೆ ಹಿಂಬದಿಯ ತಳದಿಂದ ದ್ರವ ಎಳೆಯುತ್ತೆ, ಗಾಡಿ ಮುನ್ನುಗ್ಗಿದಾಗ ದ್ರವವೂ ಹಿಂದಕ್ಕೇ ಸರಿಯುತ್ತೆ. ನಾಝಲ್ ಕೂರಿಸಿದ್ದು ಎಂಜಿನ್ನಿಗೆ ಗಾಳಿ ಒತ್ತೋ ಟರ್ಬೋ ದಾಟಿದ ಮೇಲೆ, ಸಿಲಿಂಡರುಗಳಿಗೆ ಗಾಳಿ ಹಂಚೋ ಮ್ಯಾನಿಫೋಲ್ಡಿಗೆ ಸ್ವಲ್ಪ ಮೊದಲು. ಇಲ್ಲಿ ಕಾಕಾನಿಗೆ ಎರಡು ಸಲ ಕೈ ಹಿಡಿದು ನಿಲ್ಲಿಸಬೇಕಾಯ್ತು. ಅವರಿಗೆ ಯಾವ ಬೋಲ್ಟಿನ ಥ್ರೆಡ್ ಕಂಡರೂ ಒಂದು ಬೆರಳು ಗ್ರೀಸ್ ಹಚ್ಚೋ ಅಭ್ಯಾಸ. ನೈಟ್ರಸ್ ಜೋಡಣೆಗೆ ಎಣ್ಣೆ, ಗ್ರೀಸ್ ತಾಗಲೇಬಾರದು, ಆ ಒತ್ತಡದಲ್ಲಿ ಹೊತ್ತಿಕೊಳ್ಳಬಹುದು. ಟೆಫ್ಲಾನ್ ಟೇಪೂ ಬೇಡ, ಅದರ ಚೂರು ಹೋಗಿ ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತೆ. ಟೆಫ್ಲಾನ್ ಪೇಸ್ಟ್ ಹಚ್ಚಿದೆವು.

ವೈರಿಂಗ್ ನಾನೇ ಮಾಡಿದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್, ಆಕ್ಸಲರೇಟರ್ ತಳ ಮುಟ್ಟಿದಾಗ ಮಾತ್ರ ಒತ್ತೋ ಇನ್ನೊಂದು, ಟರ್ಬೋ ಒತ್ತಡ ಬಂದಮೇಲೆ ಮಾತ್ರ ಕೂಡೋ ಮೂರನೆಯದು. ಮೂರೂ ಒಂದೇ ಸಾಲಿನಲ್ಲಿ, ಯಾವುದೊಂದು ಇಲ್ಲದಿದ್ದರೂ ಗ್ಯಾಸ್ ಇಲ್ಲ. ಜೆಟ್ ಹಾಕಿದ್ದು ಚಿಕ್ಕದು, ಸುಮಾರು 25 ಎಚ್‌ಪಿ ಲೆಕ್ಕದ್ದು. 100 ಎಚ್‌ಪಿ ಬೇಕಂದರೆ ಹತ್ತು ಸೆಕೆಂಡಿಗೆ ಹತ್ತಿರಹತ್ತಿರ ಅರ್ಧ ಕೆಜಿ ಗ್ಯಾಸ್ ಖಾಲಿ, ಆ ದುಡ್ಡು ನನ್ನ ಹತ್ತಿರ ಇಲ್ಲ. ಎಂಜಿನ್ ತಲೆಯ ಸಂದು ಮುಚ್ಚೋ ಈ ಮುದಿ ಹೆಡ್ ಗ್ಯಾಸ್ಕೆಟ್ಟಿಗೆ ಆ ತಾಕತ್ತೂ ಇಲ್ಲ.

ನನ್ನ ತಲೆ ತಿಂದಿದ್ದು ಇದ್ಯಾವುದೂ ಅಲ್ಲ, ನಮ್ಮ ಏಪ್ರಿಲ್. ಬಾಟಲಿ ಒತ್ತಡ 900ರಿಂದ 1000 ಪಿಎಸ್‌ಐ ನಡುವೆ ಇರಬೇಕು. 21 ಡಿಗ್ರಿಯಲ್ಲಿ ಅದು 760 ಇರುತ್ತೆ, ಅದಕ್ಕೇ ತಂಪು ದೇಶದವರು ಬಾಟಲಿಗೆ ಹೀಟರ್ ಸುತ್ತುತ್ತಾರೆ. ಸೆಕೆಂಡ್ ಹ್ಯಾಂಡ್ ಕಿಟ್ ಜೊತೆ ನನಗೂ ಒಂದು ಹೀಟರ್ ಬಂದಿತ್ತು! ಆದರೆ ನೈಟ್ರಸ್ 36.4 ಡಿಗ್ರಿ ದಾಟಿದರೆ ದ್ರವವಾಗಿ ಉಳಿಯೋದೇ ಇಲ್ಲ, ಎಷ್ಟು ಒತ್ತಿದರೂ. ಅಲ್ಲಿಂದ ಮುಂದೆ ಗೇಜ್ ಸರಸರ ಏರುತ್ತೆ, ದ್ರವಕ್ಕೆ ಅಂತ ಕೊರೆದ ಜೆಟ್ಟಿನ ಲೆಕ್ಕವೂ ತಪ್ಪುತ್ತೆ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ನೆರಳಿನಲ್ಲೇ 37, 38. ಗಾಜು ಏರಿಸಿದ ಕ್ಯಾಬಿನ್ ಒಳಗಿನದು ಕೇಳಲೇಬೇಡಿ.

ಮೊದಲ ದಿನ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಚೆನ್ನಾಗಿತ್ತು. ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಬರೋಕೆ ಗ್ಯಾಸ್ ಇಲ್ಲದೆ ಒಂಬತ್ತು ಸೆಕೆಂಡ್, ಗ್ಯಾಸ್ ಬಿಟ್ಟಾಗ ಏಳು. ಮೊಬೈಲ್ ಸ್ಟಾಪ್‌ವಾಚ್ ಹಿಡಿದದ್ದು ಮಾವನ ಮಗ, ಅರ್ಧ ಸೆಕೆಂಡ್ ಆಚೀಚೆ ಇದ್ದೇ ಇರುತ್ತೆ. ಆದರೆ ಹಿಂದಿನ ಕರೀ ಹೊಗೆ ಸ್ವಿಚ್ ಒತ್ತಿದ ಹಾಗೆ ಮಾಯವಾಯ್ತಲ್ಲ, ಅದಕ್ಕೆ ಸ್ಟಾಪ್‌ವಾಚ್ ಬೇಕಾಗಿಲ್ಲ. ಆಮೇಲೆ ರೊಟ್ಟಿ ಊಟ, ಮಾವನ ಜೊತೆ ಹರಟೆ. ಗಾಡಿ ಬಿಸಿಲಲ್ಲೇ ನಿಂತಿತ್ತು. ಒಂದು ಗಂಟೆಗೆ ಬಂದು ನೋಡಿದರೆ ಗೇಜ್ 1300 ದಾಟಿದೆ. ಬಾಗಿಲು ತೆಗೆದಿಟ್ಟು ತಣ್ಣಗಾಗೋಕೆ ಬಿಡಬೇಕಿತ್ತು. ನಾನು ಸುಮ್ನೆ ಒಂದು ರೌಂಡ್ ಅಂತ ಹತ್ತಿದೆ.

ಎಂಜಿನ್ ಸದ್ದು ಬೇರೆಯೇ ಆಯ್ತು, ಒಣ ಕಟ್ಟಿಗೆ ಮುರಿದ ಹಾಗೆ ಟಕಟಕ. ಆರ್‌ಪಿಎಂ ಏರ್ತಾ ಹೋಯ್ತು, ಗಾಡಿ ಇದ್ದಲ್ಲೇ. ಹಿಂದೆಯೇ ಸುಟ್ಟ ವಾಸನೆ. ಕ್ಲಚ್ ಜಾರಿತ್ತು. ಅರವತ್ತು ಎಚ್‌ಪಿ ತಳ್ಳೋಕೆ ಒದ್ದಾಡ್ತಿದ್ದ ಸವೆದ ಪ್ಲೇಟು, ಪಾಪ ಅದಾದರೂ ಏನು ಮಾಡುತ್ತೆ? ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು, ಕ್ಲಚ್ ಬಿಗಿಯಾಗಿದ್ದಿದ್ದರೆ ಆ ಹೊಡೆತ ಹೆಡ್ ಗ್ಯಾಸ್ಕೆಟ್ ತಿನ್ನುತ್ತಿತ್ತು. ಕಾಕಾ ಪ್ಲೇಟ್ ಬಿಚ್ಚಿ ನನ್ನ ಮುಂದೆ ಹಿಡಿದು ಏನೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಗೋಣಿಚೀಲದ ಐಡಿಯಾ ನಮ್ಮ ಮಾವನದು. ಬೇಸಿಗೆಯಲ್ಲಿ ಬಿಂದಿಗೆಗೆ ಒದ್ದೆ ಬಟ್ಟೆ ಸುತ್ತೋದಿಲ್ವಾ, ಹಾಗೇ. ಬಾಟಲಿಯನ್ನ ಕ್ಯಾಬಿನ್ನಿನಿಂದ ಹಿಂದಿನ ಡಾಲಾಕ್ಕೆ ತಂದು, ಮೇಲೆ ತಗಡಿನ ನೆರಳು ಮಾಡಿ, ಒದ್ದೆ ಗೋಣಿಚೀಲ ಸುತ್ತಿದೆವು. ನಮ್ಮ ಕಡೆಯ ಒಣ ಗಾಳಿಗೆ ಅದು ಎಷ್ಟು ಚೆನ್ನಾಗಿ ಕೆಲಸ ಮಾಡ್ತು ಅಂದರೆ, ಮಧ್ಯಾಹ್ನ ಹನ್ನೆರಡಕ್ಕೂ ಗೇಜ್ 950ರ ಹತ್ತಿರವೇ ನಿಂತಿತ್ತು. ಅರ್ಧ ಗಂಟೆಗೊಮ್ಮೆ ಒಂದು ಚೊಂಬು ನೀರು. ಬೆಳಿಗ್ಗೆ ಆರಕ್ಕೆ ಗೇಜ್ ಕೆಳಗಿದ್ದಾಗ ಹೀಟರ್ ಹಾಕೋ ಬದಲು ಬಿಸಿಲೇರೋ ತನಕ ಚಹಾ ಕುಡೀತಾ ಕೂತ್ಕೊಳ್ಳೋದು. ಬೆಂಕಿ ಹಿಡಿದು ಬಾಟಲಿ ಬಿಸಿ ಮಾಡೋ ವಿಡಿಯೋ ಯಾರಾದರೂ ಕಳಿಸಿದರೆ ಅಳಿಸಿಬಿಡಿ, ಅದು ಸಾಯೋ ದಾರಿ.

ಈಗ ಕ್ಲಚ್ ಪ್ಲೇಟ್ ಹೊಸದು ಬಿದ್ದಿದೆ, ಪಂಪಿನ ಸ್ಕ್ರೂ ಹಳೇ ಗುರುತಿಗೆ ವಾಪಸ್ ಬಂದಿದೆ. ಕಾಟಾ ಪ್ರಕಾರ ಬಾಟಲಿಯಲ್ಲಿ ಇನ್ನೂ ಎರಡು ಕೆಜಿ ಚಿಲ್ಲರೆ ಗ್ಯಾಸ್ ಇದೆ. ಮಳೆಗಾಲದಲ್ಲಿ ತಂಪಿರುತ್ತೆ ನಿಜ, ಆದರೆ ಎರಿ ಹೊಲದ ದಾರಿಯಲ್ಲಿ ಆಗ ಪಿಕಪ್ ಏನು, ಟ್ರ್ಯಾಕ್ಟರೇ ಹೂತು ನಿಲ್ಲುತ್ತೆ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಮತ್ತೆ ಹೋಗ್ತೀವಿ. ಮಾವ ಹೀಟರನ್ನ ಯಾರಿಗಾದರೂ ಮಾರಿಬಿಡು ಅಂತಿದ್ದಾರೆ.