ಬಿಸಿಲು ಸೀಮೆಯಲ್ಲಿ ಕಾಂಡೋಮ್ ದಾಸ್ತಾನು: ಆರೋಗ್ಯ ಕೇಂದ್ರದ ಸ್ಟೋರಿನಿಂದ ನನ್ನ ಅನುಭವ

ಕಾಂಡೋಮ್ ಪೊಟ್ಟಣದ ಮೇಲೆ ಅಚ್ಚಾದ ಎಕ್ಸ್‌ಪೈರಿ ತಾರೀಖಿಗೆ ಎರಡು ಷರತ್ತುಗಳಿವೆ. ಫಾಯಿಲ್ ಎಲ್ಲೂ ತೂತಾಗಿರಬಾರದು. ಇಟ್ಟ ಜಾಗದ ಸರಾಸರಿ ಉಷ್ಣಾಂಶ 30 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇ ಮಧ್ಯಾಹ್ನ 42 ಡಿಗ್ರಿ ಮುಟ್ಟುವುದು ಮಾಮೂಲು. ಹಾಗಂತ ಗಾಬರಿಯಾಗಿ ಫ್ರಿಜ್‌ನಲ್ಲಿ ಇಡಬೇಕಿಲ್ಲ. ಕಾಂಡೋಮ್ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4074 ಪ್ರಕಾರ ಕೆಲವು ಮಾದರಿಗಳನ್ನು 70 ಡಿಗ್ರಿಯಲ್ಲಿ 7 ದಿನ, ಇನ್ನು ಕೆಲವನ್ನು 50 ಡಿಗ್ರಿಯಲ್ಲಿ 90 ದಿನ ಕಾಯಿಸಿ ಆಮೇಲೆ ಗಾಳಿ ತುಂಬಿ ನೋಡುತ್ತಾರೆ. ಮಧ್ಯಮ ಅಗಲದ ಕಾಂಡೋಮ್ ಆಗಲೂ ಕನಿಷ್ಠ 18 ಲೀಟರ್ ಗಾಳಿ ಹಿಡಿಯಬೇಕು. ಸೀಲ್ ಗಟ್ಟಿಯಿದ್ದರೆ ನಾಲ್ಕು ದಿನದ ಬಿಸಿಲನ್ನು ಅದು ತಡೆದುಕೊಳ್ಳುತ್ತದೆ. ಅದು ತಡೆಯಲಾಗದ್ದು ತಿಂಗಳುಗಟ್ಟಲೆ ತಗಡಿನ ಚಾವಣಿಯ ಕೆಳಗೆ ಬೇಯುವುದು, ಮತ್ತು ಫಾಯಿಲ್ ಹರಿಯುವುದು.

ಸ್ಟೋರಿನಲ್ಲಿ ನಾನು ಮೊದಲು ನೋಡುವುದು ಗೋಡೆ. ಪಶ್ಚಿಮದ ಗೋಡೆ ಸಂಜೆಯಿಡೀ ಬಿಸಿ ಕಕ್ಕುತ್ತದೆ, ಅಲ್ಲಿ ಡಬ್ಬ ಇಡುವುದೇ ಇಲ್ಲ. ಉಳಿದ ಕಡೆಯೂ ಗೋಡೆಯಿಂದ 30 ಸೆಂ.ಮೀ. ದೂರ, ನೆಲದಿಂದ 10 ಸೆಂ.ಮೀ. ಎತ್ತರದಲ್ಲಿ ಮರದ ಹಲಗೆಯ ಮೇಲೆ ಜೋಡಿಸುತ್ತೇನೆ. ಪೇರಿಸುವ ಎತ್ತರ 2.4 ಮೀಟರ್ ಮೀರಬಾರದು ಎಂಬುದು ನಿಯಮ; ನಮ್ಮಂಥ ಸಣ್ಣ ಸ್ಟೋರಿನಲ್ಲಿ ಸೊಂಟದೆತ್ತರವೇ ಸಾಕು. ಹೆಚ್ಚಾದರೆ ಕೆಳಗಿನ ಡಬ್ಬ ಅಪ್ಪಚ್ಚಿಯಾಗಿ ಒಳಗಿನ ಪೊಟ್ಟಣಗಳ ಅಂಚು ಮಡಚುತ್ತದೆ, ಆ ಮಡಿಕೆಯಲ್ಲೇ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಗೋಡೆ ಬಿಟ್ಟು ಇಡುವುದರಿಂದ ಇನ್ನೊಂದು ಲಾಭ, ಇಲಿ ಓಡಾಡಿದರೆ, ಗೆದ್ದಲು ಹತ್ತಿದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಬಹಳ ಜನ ಗಮನಿಸದ ಶತ್ರು ಓಝೋನ್. ಮೋಟಾರ್, ಇನ್ವರ್ಟರ್, ಸ್ಟೆಬಿಲೈಜರ್‌ಗಳಲ್ಲಿ ಕಿಡಿ ಹಾರುವಾಗ ಸ್ವಲ್ಪ ಸ್ವಲ್ಪ ಓಝೋನ್ ಹುಟ್ಟುತ್ತದೆ, ಅದು ನೈಸರ್ಗಿಕ ರಬ್ಬರಿನಲ್ಲಿ ಬಿರುಕು ಬಿಡಿಸುತ್ತದೆ. ಲಸಿಕೆಯ ಫ್ರಿಜ್ಜಿನ ಸ್ಟೆಬಿಲೈಜರ್ ಪಕ್ಕದ ಮೂಲೆ ಖಾಲಿ ಕಾಣುತ್ತದೆಂದು ಡಬ್ಬ ತುರುಕಬಾರದು. ಸೀಮೆಎಣ್ಣೆ, ಫಿನೈಲ್, ಕೀಟನಾಶಕಗಳಿಗೆ ಬೇರೆ ಕೋಣೆಯೇ ಇರಲಿ.

ಡಬ್ಬಗಳು ಬಂದ ಕ್ರಮಕ್ಕಿಂತ ಎಕ್ಸ್‌ಪೈರಿ ಕ್ರಮ ಮುಖ್ಯ. ತಡವಾಗಿ ಬಂದ ಸರಕಿಗೆ ಬೇಗ ಅವಧಿ ಮುಗಿಯುವುದುಂಟು, ಅದೇ ಮೊದಲು ಹೊರಡಬೇಕು. ಹೊರ ಪೆಟ್ಟಿಗೆಯ ಮೇಲೆ ತಿಂಗಳು, ವರ್ಷ ಎರಡನ್ನೂ ದಪ್ಪ ಮಾರ್ಕರ್‌ನಲ್ಲಿ ಬರೆದು, ಬರೆದ ಮುಖ ಹೊರಗೆ ಬರುವಂತೆ ಇಡುತ್ತೇನೆ. ಪೆಟ್ಟಿಗೆ ಒಡೆದು ಬಿಡಿಯಾಗಿ ಸುರಿದಿಟ್ಟರೆ ಬ್ಯಾಚ್ ಬೆರೆತುಹೋಗುತ್ತದೆ. ನಾಳೆ ಒಂದು ಬ್ಯಾಚ್ ವಾಪಸ್ ಕಳಿಸಿ ಎಂಬ ಆದೇಶ ಬಂದರೆ ಹುಡುಕುವುದು ಹೇಗೆ?

ಸರಕು ಸ್ಟೋರಿನಿಂದ ಹೊರಟ ಮೇಲೆ ಹಾಳಾಗುವುದೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಆಶಾ ಕಾರ್ಯಕರ್ತೆಯರಿಗೆ ಕೊಡುವಾಗ ಎರಡು ಮಾತು ಪ್ರತಿ ಸಲ ಹೇಳುತ್ತೇನೆ: ಕರಪತ್ರಕ್ಕೆ ಸೇರಿಸಿ ಸ್ಟೇಪ್ಲರ್ ಪಿನ್ ಹೊಡೆಯಬೇಡಿ, ರಬ್ಬರ್ ಬ್ಯಾಂಡ್ ಬಿಗಿದು ಕಟ್ಟಬೇಡಿ. ಪಿನ್ ಫಾಯಿಲಿನ ಅಂಚಿಗೆ ಬಿದ್ದರೂ ಸೀಲ್ ಹೋದಂತೆಯೇ. ಬಸ್ ನಿಲ್ದಾಣ, ಪಾನ್ ಅಂಗಡಿಗಳಲ್ಲಿ ನೇತುಹಾಕುವ ಪೆಟ್ಟಿಗೆ ನೆರಳಿನಲ್ಲಿರಬೇಕು, ಒಂದು ವಾರಕ್ಕೆ ಖರ್ಚಾಗುವಷ್ಟೇ ತುಂಬಬೇಕು.

ಮನೆಯಲ್ಲಿ ಇಡುವವರಿಗೆ ಬೀರುವಿನ ಒಳ ಡ್ರಾಯರ್ ಒಳ್ಳೆಯ ಜಾಗ, ಸಣ್ಣ ಗಟ್ಟಿ ಡಬ್ಬಿಯಲ್ಲಿ ಹಾಕಿಟ್ಟರೆ ಇನ್ನೂ ಒಳ್ಳೆಯದು. ನುಸಿಗುಳಿಗೆ ಅದರ ಜೊತೆ ಬೇಡ. ಒಲೆಯ ಮೇಲಿನ ಶೆಲ್ಫ್, ಕಿಟಕಿಯ ಕಟ್ಟೆ, ಬಚ್ಚಲುಮನೆ ಬೇಡವೇ ಬೇಡ. ಪರ್ಸಿನ ವಿಷಯದಲ್ಲಿ ಶಾಖಕ್ಕಿಂತ ಉಜ್ಜಾಟ ದೊಡ್ಡ ಕಾರಣ. ಕೂತಾಗೆಲ್ಲ ಮಡಚಿ, ನಾಣ್ಯಕ್ಕೆ ತಿಕ್ಕಿ ಫಾಯಿಲ್ ಸವೆಯುತ್ತದೆ, ಸಿಲಿಕೋನ್ ಎಣ್ಣೆ ಸೋರಿಹೋಗುತ್ತದೆ, ಗಾಳಿ ಒಳಹೊಕ್ಕು ರಬ್ಬರ್ ಪೆಡಸಾಗುತ್ತದೆ. ಹೊರಗೆ ಹೋಗುವ ದಿನ ಅಂಗಿಯ ಜೇಬಿನಲ್ಲಿ ಒಯ್ಯಿರಿ, ರಾತ್ರಿ ತೆಗೆದಿಡಿ. ಬೈಕಿನ ಸೀಟಿನಡಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದುಂಟು.

ಬಳಸುವ ಮುಂಚಿನ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ತಾರೀಖು ಓದಿ. ಪೊಟ್ಟಣವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಮೆಲ್ಲಗೆ ಒತ್ತಿ: ಒಳಗಿನ ಗಾಳಿ ಪುಟ್ಟ ದಿಂಬಿನಂತೆ ಪುಟಿಯಬೇಕು, ಉಂಗುರ ಆಚೀಚೆ ಜಾರಬೇಕು. ಪುಟಿಯದೆ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ, ಹೊರಗೆ ಎಣ್ಣೆಯ ಜಿಡ್ಡು ಕಂಡರೆ ಸೀಲ್ ಹೋಗಿದೆ. ಉಂಗುರವನ್ನು ಬದಿಗೆ ಸರಿಸಿಕೊಂಡು ಅಂಚನ್ನು ಬೆರಳಿನಿಂದಲೇ ಹರಿಯಿರಿ. ಹಲ್ಲು, ಕತ್ತರಿ ಬೇಡ. ತೆರೆದಾಗ ಅಂಟಂಟು, ಪೆಡಸು ಅಥವಾ ಬಣ್ಣಗೆಟ್ಟಿದ್ದರೆ ಬಿಸಾಡಿ. ಇಷ್ಟೆಲ್ಲ ಜೋಪಾನ ಮಾಡಿದ ಲ್ಯಾಟೆಕ್ಸ್‌ಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್, ಬಾಡಿ ಲೋಷನ್ ತಾಗಿಸಿದರೆ ನಿಮಿಷಗಳಲ್ಲೇ ದುರ್ಬಲವಾಗುತ್ತದೆ. ನೀರಿನ ಅಥವಾ ಸಿಲಿಕೋನ್ ಆಧಾರದ ಜೆಲ್ ಮಾತ್ರ ಬಳಸಿ.

ಅವಧಿ ಮುಗಿದದ್ದನ್ನು ನಾವು ಬೇರೆ ಪೆಟ್ಟಿಗೆಗೆ ಹಾಕಿ, ಕೆಂಪು ಮಾರ್ಕರ್‌ನಲ್ಲಿ ಗೀಟು ಎಳೆದು, ರಿಜಿಸ್ಟರಿನಲ್ಲಿ ಬ್ಯಾಚ್ ಮತ್ತು ಸಂಖ್ಯೆ ಬರೆದು ವಿಲೇವಾರಿಗೆ ಕಳಿಸುತ್ತೇವೆ. ಮನೆಯಲ್ಲಾದರೆ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಶೌಚಾಲಯಕ್ಕೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ.